ಮಿರರ್‌ಲೆಸ್ ಕಲ್ಲಯ್ಯ

ಹಾವಿಗೆ ಹೆದರುವವರನ್ನು ಕಂಡಿದ್ದೇವೆ. ಹೆಂಡತಿಗೆ ಹೆದರುವವರನ್ನಂತೂ ದಿನವೂ ಕಾಣುತ್ತೇವೆ. ಆದರೆ ತಾನೇ ಆಸೆಪಟ್ಟು ತಂದ ಕ್ಯಾಮೆರಾಕ್ಕೆ ಹೆದರಿ, ಅದನ್ನು ಎರಡು ಟವೆಲ್ಲಿನಲ್ಲಿ ಸುತ್ತಿ, ಕಬ್ಬಿಣದ ಕಪಾಟಿನಲ್ಲಿಟ್ಟು, ಬೀಗ ಹಾಕಿ, ಬೀಗಕ್ಕೂ ವಿಭೂತಿ ಎಳೆದವನು ಶಿರಸಿ ಪೇಟೆಯಲ್ಲಿ ಒಬ್ಬನೇ. ಅವನು ಬನವಾಸಿ ಕಡೆಯಿಂದ ಬಂದು, ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಸ್ಟುಡಿಯೋ ನಡೆಸುತ್ತಿರುವ ಕಲ್ಲಯ್ಯ.

ಹೆಸರಿಗಷ್ಟೇ ಕಲ್ಲು, ಒಳಗೆಲ್ಲ ನೆನೆಸಿದ ಅವಲಕ್ಕಿ. ಪೊಲೀಸ್ ಜೀಪು ಪಕ್ಕದಲ್ಲಿ ಹಾದರೆ ಸುಮ್ಮಸುಮ್ಮನೆ ಕೈ ಮುಗಿಯುತ್ತಾನೆ. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುತ್ತಾನೆ. ಇಂಥವನು ಹೊಸ ಕ್ಯಾಮೆರಾ ತಂದದ್ದಾದರೂ ಯಾಕೆ ಎಂದರೆ, ಅದೂ ಹೆದರಿಕೆಯಿಂದಲೇ. ಇವನ ಕೈಯಲ್ಲೇ ಕೆಲಸ ಕಲಿತ ಸಿದ್ದಾಪುರದ ಮನೋಹರ ಒಂದು ಮದುವೆಗೆ ಮಿರರ್‌ಲೆಸ್ ಎಂಬ ಹೊಸ ಬಗೆಯ ಕ್ಯಾಮೆರಾ ಹಿಡಿದು ಬಂದಿದ್ದ. ಮದುಮಗಳ ಅಣ್ಣ ಇಬ್ಬರ ಕೊರಳನ್ನೂ ನೋಡಿ, 'ಓ, ನಿಮ್ದು ಇನ್ನೂ ಹಳೇ ಡಬ್ಬಾನಾ?' ಎಂದು ಕಲ್ಲಯ್ಯನನ್ನು ಕೇಳಿದ. ಆ ಮಾತು ಮುಳ್ಳಿನಂತೆ ಒಳಗೆ ಮುರಿದುಕೊಂಡಿತು. ಹದಿನೈದೇ ದಿನದಲ್ಲಿ ಹಳೆಯ ಕ್ಯಾಮೆರಾ ಮನೋಹರನ ಪಾಲಾಯಿತು, ಹೊಸತು ಕಲ್ಲಯ್ಯನ ಕಪಾಟು ಸೇರಿತು.

ತಂದ ಮೊದಲ ದಿನವೇ ತಾರೀಕು ಹಾಕಲು ಹೋಗಿ ಮೆನು ತೆರೆದ. ಏನು ಒತ್ತಿದನೋ, ಪರದೆಯ ಮೇಲಿದ್ದ ಅಕ್ಷರಗಳೆಲ್ಲ ಯಾವುದೋ ದೇಶದ ಕಡ್ಡಿಚೂರುಗಳಾಗಿ ನಿಂತವು. ಹೆದರಿ ಮತ್ತೊಂದು ಗುಂಡಿ ಒತ್ತಿದ. ಕ್ಯಾಮೆರಾದ ಸದ್ದೂ ನಿಂತಿತು. ಫೋಟೋ ಬೀಳುತ್ತದೆ, ಆದರೆ ಟಕ್ ಎನ್ನುವುದಿಲ್ಲ. ಮೂರನೆಯ ಗುಂಡಿ ಒತ್ತಿದರೆ ಎಲ್ಲಿ ಫೋಟೋವೂ ನಿಂತುಬಿಡುತ್ತದೋ ಎಂದು ಅವನು ಆಮೇಲೆ ಮೆನುವಿನ ಹತ್ತಿರ ಬೆರಳನ್ನೂ ಒಯ್ಯಲಿಲ್ಲ.

"ಇರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಇದಽ ನೋಡ್ರಿ," ಎಂದಳು ಹೆಂಡತಿ ಗಂಗಾಂಬಿಕಾ.

ಆದರೂ ಬೋರ್ಡು ಮಾತ್ರ ಬದಲಾಯಿತು. 'ಶಿರಸಿಯ ಪ್ರಥಮ ಮಿರರ್‌ಲೆಸ್ ಸ್ಟುಡಿಯೋ' ಎಂದು ಕೆಂಪಕ್ಷರದಲ್ಲಿ ಬರೆಸಿದ. ಅದನ್ನೋದಿದ ಕಾಲೇಜು ಹುಡುಗಿಯೊಬ್ಬಳು, "ಹಾಗಾದ್ರೆ ತಲೆ ಬಾಚ್ಕೊಳ್ಳೋದು ಎಲ್ಲಿ?" ಎಂದು ಬಾಗಿಲಿನಿಂದಲೇ ಹಿಂದಕ್ಕೆ ಹೋದಳು. ಆಗಲೇ ಎಚ್ಚರವಾಗಬೇಕಿತ್ತು. ಆಗಲಿಲ್ಲ.

ಹೊಸ ಕ್ಯಾಮೆರಾದ ಮೊದಲ ಪರೀಕ್ಷೆ ನಡೆದದ್ದು ಸಿದ್ದಾಪುರ ತಾಲೂಕಿನ ಮನ್ಮನೆ ಎಂಬ ಊರಿನಲ್ಲಿ. ಅಲ್ಲಿಯ ಹವ್ಯಕರ ಮನೆಯ ಗೌರಕ್ಕ ಎಂಬವಳ ಗಂಡನಿಗೆ ಎಪ್ಪತ್ತು ತುಂಬಿದ ಶಾಂತಿ. ಮೂವತ್ತೆರಡು ಜನ ಮೂರು ಸಾಲಿನಲ್ಲಿ ಗ್ರೂಪ್ ಫೋಟೋಕ್ಕೆ ನಿಂತರು. ಕಲ್ಲಯ್ಯ ಒತ್ತಿದ. ಎಲ್ಲರೂ ನಗುತ್ತಲೇ ಇದ್ದರು. ಮತ್ತೆ ಒತ್ತಿದ. ಮತ್ತೂ ನಗುತ್ತಲೇ ಇದ್ದರು. ಉಸಿರು ಬಿಗಿಹಿಡಿದ ಹಿಂದಿನ ಸಾಲಿನ ಭಾವನೊಬ್ಬನ ಮುಖ ನೇರಳೆಯ ಬಣ್ಣಕ್ಕೆ ತಿರುಗಿತು.

"ಎಂತ ಮಾರಾಯಾ, ಹೊಡದ್ಯ ಇಲ್ಯ? ಶಬ್ದನೇ ಬಂಜಿಲ್ಲೆ!" ಎಂದು ಗೌರಕ್ಕ ಹಲ್ಲು ಕಚ್ಚಿಕೊಂಡು, ನಗು ಕೆಡಿಸದೆ ಕೇಳಿದಳು.

"ಆಗ್ಲೇ ಹನ್ನೆರಡು ಹೊಡದೇನ್ರೀ ಅಕ್ಕಾರ."

"ಸುಳ್ಳು ಹೇಳಡ! ಆನು ನಗ್ಯಾಡ್ತಾ ನಿಂತು ದವಡೆ ನೋವು ಬಂತು. ಟಕ್ ಹೇಳದ್ದೆ ಫೋಟೋ ಹ್ಯಾಂಗ್ ಆಗ್ತು?"

ಮೂವತ್ತೆರಡು ಜೊತೆ ಕಣ್ಣು ತನ್ನನ್ನೇ ದುರುಗುಟ್ಟುವುದನ್ನು ಕಂಡು ಕಲ್ಲಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಆ ಭಯದಲ್ಲಿ ಒಂದು ಕಣ್ಣು ಮುಚ್ಚಿ, ಬಾಯಿ ಅಗಲಿಸಿ, ನಾಲಿಗೆಯನ್ನು ಅಂಗುಳಕ್ಕೆ ಬಡಿದು ತಾನೇ "ಟಕ್!" ಎಂದುಬಿಟ್ಟ. ಮೂರು ಸಾಲೂ ಒಟ್ಟಿಗೆ ಉಸಿರು ಬಿಟ್ಟಿತು.

"ಹಾಂ, ಈಗ ಆತು ನೋಡು!" ಎಂದಳು ಗೌರಕ್ಕ.

ಅಂದಿನಿಂದ ಕಲ್ಲಯ್ಯ ಫೋಟೋವನ್ನು ಕೈಯಿಂದ ತೆಗೆದು, ಸದ್ದನ್ನು ಬಾಯಿಂದ ಕೊಡತೊಡಗಿದ. ದಿನಕ್ಕೆ ನಾನೂರು ಟಕ್. ರಾತ್ರಿ ಊಟಕ್ಕೆ ಕೂತರೆ ನಾಲಿಗೆಗೆ ಹುಳಿಯೂ ತಿಳಿಯದು, ಖಾರವೂ ತಿಳಿಯದು.

ಇಷ್ಟಕ್ಕೇ ನಿಂತಿದ್ದರೆ ಇದು ಕಥೆಯೇ ಆಗುತ್ತಿರಲಿಲ್ಲ. ಶಿರಸಿಯಲ್ಲಿ ಎರಡು ಟೆಂಪೋ ಇಟ್ಟುಕೊಂಡು ಸಾಮಾನು ಸಾಗಿಸುವ ಹಯಾತ್ ಎಂಬವರ ಮಗಳು ಜೀನತ್‌ಗೆ ಯಲ್ಲಾಪುರದ ಟೈರ್ ಅಂಗಡಿಯ ಹುಡುಗ ಫೈಜಲ್ ಜೊತೆ ಮದುವೆ ಗೊತ್ತಾಗಿತ್ತು. ಹುಡುಗನ ಮನೆಯವರಿಗೆ ತೋರಿಸಲೆಂದು ಜೀನತ್‌ಳ ಫೋಟೋ ತೆಗೆದವನು ಕಲ್ಲಯ್ಯನೇ. ಅವಳ ಅಂಗನವಾಡಿಯ ಫೋಟೋದಿಂದ ಹಿಡಿದು ಕಾಲೇಜಿನ ಗುರುತಿನ ಚೀಟಿಯವರೆಗೆ ಎಲ್ಲ ಇವನದೇ ಕೈ. ಮದುವೆಗೆ ಎರಡು ವಾರವಿರುವಾಗ ಹಯಾತ್‌ಗೆ ತನ್ನ ಹೊಸ ಕ್ಯಾಮೆರಾದ ಮಹಿಮೆ ಹೇಳೋಣವೆಂದು ಕಲ್ಲಯ್ಯ ಫೋನಿನಲ್ಲಿ ಎರಡು ವಾಯ್ಸ್ ಮೆಸೇಜು ಕಳಿಸಿದ.

ಮೊದಲನೆಯದು ನಾಲ್ಕು ನಿಮಿಷದ್ದು. ಹಳೆಯ ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತದೆ, ಹೊಸದರಲ್ಲಿ ಇರುವುದಿಲ್ಲ ಎಂದು ಅದರಲ್ಲಿ ಅಚ್ಚುಕಟ್ಟಾಗಿ ಹೇಳಿದ್ದ. ಎರಡನೆಯದು ಇಪ್ಪತ್ತೇ ಸೆಕೆಂಡಿನದ್ದು.

"ಮತ್ತ ಇನ್ನೊಂದು ಮಾತ್ರಿ ಹಯಾತ್ ಸಾಹೇಬ್ರ. ಕನ್ನಡಿ ಕಾಲ ಮುಗೀತ್ರಿ. ಹಳೇದು, ಭಾರ, ಧೂಳ ಹಿಡೀತೈತಿ, ಯಾವಾಗ ಕೈ ಕೊಡ್ತೈತೋ ಹೇಳಾಕ ಬರೂದಿಲ್ಲ. ನಿಮ್ಮ ಹುಡುಗಿ ಮದುವ್ಯಾಗ ಕನ್ನಡಿ ಅಂಬೂದಽ ಇರೂದಿಲ್ಲ. ಪೂರಾ ಮಿರರ್‌ಲೆಸ್! ಮಾತು ಕೊಟ್ಟೇನಿ."

ನಾಲ್ಕು ನಿಮಿಷ ಕಲ್ಲಯ್ಯನ ದನಿ ಕೇಳುವಷ್ಟು ತಾಳ್ಮೆ ಹಯಾತ್‌ಗೆ ಇರಲಿಲ್ಲ. ಬೀಗರಿಗೂ ಖುಷಿಯಾಗಲಿ ಎಂದು ಎರಡನ್ನೂ ಹಾಗೆಯೇ ಯಲ್ಲಾಪುರಕ್ಕೆ ದಾಟಿಸಿದರು. ಅವರ ಟೆಂಪೋ ಆಗ ಮಂಚಿಕೇರಿ ದಾಟುತ್ತಿತ್ತು. ಅಲ್ಲಿ ನೆಟ್‌ವರ್ಕ್ ಹೋಗುತ್ತದೆ ಎಂಬುದು ಶಿವನಿಗೂ ಗೊತ್ತು. ನಾಲ್ಕು ನಿಮಿಷದ್ದು ಗರಗರ ತಿರುಗುತ್ತ ಉಳಿಯಿತು, ಇಪ್ಪತ್ತು ಸೆಕೆಂಡಿನದ್ದು ನೆಟ್ಟಗೆ ಯಲ್ಲಾಪುರ ಮುಟ್ಟಿತು.

ಮುಟ್ಟಿದ್ದು ಯಾರ ಕಿವಿಗೆ? ಹುಡುಗನ ಅಜ್ಜಿ ಜೈನಾಬ್ ಬೀ ಅವರ ಕಿವಿಗೆ. ಎಂಬತ್ತೆರಡು ವರ್ಷದ ಆ ಅಜ್ಜಿಯ ಬಳಿ ಹಿತ್ತಾಳೆ ಚೌಕಟ್ಟಿನ ಒಂದು ಕನ್ನಡಿ ಇತ್ತು. ಅವರ ಕಡೆಯ ಮದುವೆಗಳಲ್ಲಿ ಜಲ್ವಾ ಎಂಬ ಶಾಸ್ತ್ರವಿದೆ. ಗಂಡು ಹೆಣ್ಣನ್ನು ಅಕ್ಕಪಕ್ಕ ಕೂರಿಸಿ, ತಲೆಯ ಮೇಲೆ ಕೆಂಪು ದುಪಟ್ಟಾ ಹಿಡಿದು, ಎದುರಿಗೆ ಕನ್ನಡಿ ಇಡುತ್ತಾರೆ. ಮದುವೆಯಾದ ಮೇಲೆ ಒಬ್ಬರ ಮುಖವನ್ನೊಬ್ಬರು ಮೊದಲು ನೋಡುವುದು ಆ ಕನ್ನಡಿಯಲ್ಲಿ. ಜೈನಾಬ್ ಬೀ ತನ್ನ ಗಂಡನನ್ನು ನೋಡಿದ್ದು ಅದರಲ್ಲೇ, ಮೂವರು ಮಕ್ಕಳು, ನಾಲ್ವರು ಮೊಮ್ಮಕ್ಕಳು ಜೋಡಿ ನೋಡಿದ್ದೂ ಅದರಲ್ಲೇ. ಈಗ ಯಾವನೋ ಒಬ್ಬ ಅದನ್ನು ಹಳೇದು, ಭಾರ, ಧೂಳು ಎನ್ನುತ್ತಿದ್ದಾನೆ! 'ಯಾವಾಗ ಕೈ ಕೊಡ್ತೈತೋ' ಎಂದದ್ದು ಕನ್ನಡಿಗೋ ತನಗೋ ಎಂದು ಅಜ್ಜಿ ಆ ಮೆಸೇಜನ್ನು ಹದಿನಾಲ್ಕು ಸಲ ಕೇಳಿದರು. ಕೇಳಿದಷ್ಟೂ ಅದು ತನಗೇ ಎನ್ನುವುದು ಖಾತ್ರಿಯಾಯಿತು.

ಯಲ್ಲಾಪುರದವರು ಫೋನು ಮಾಡಿ, "ಇದೇನು, ಕನ್ನಡಿ ಇಲ್ಲದ ಮದುವೆಯಂತೆ?" ಎಂದು ಕೇಳಿದಾಗ ಹಯಾತ್ ಒಳ್ಳೆಯ ಮನಸ್ಸಿನಿಂದಲೇ, "ಹೌದಂತೆ. ಈಗ ದೊಡ್ಡದೊಡ್ಡವರ ಮದುವೆಯೆಲ್ಲ ಹಾಗೇ ಆಗ್ತದಂತೆ," ಎಂದುಬಿಟ್ಟರು. ಉರಿಯುವ ಒಲೆಗೆ ಸೀಮೆಎಣ್ಣೆ ಹೊಯ್ಯುವುದೆಂದರೆ ಇದೇ. ಆಮೇಲೆ ನಾಲ್ಕು ನಿಮಿಷದ್ದನ್ನೂ ಕೇಳಿ ಎಚ್ಚರವಾಗಿ, ಅದು ಕ್ಯಾಮೆರಾದ ಕನ್ನಡಿಯ ಮಾತು ಎಂದು ವಿವರಿಸಿದರೆ, "ಕ್ಯಾಮೆರಾದ ಹೊಟ್ಟೇಲಿ ಕನ್ನಡಿನಾ? ಯಾರಿಗೆ ಕಥೆ ಹೇಳ್ತೀರಿ?" ಎಂದು ಆ ಕಡೆಯವರು ಫೋನಿಟ್ಟರು.

ಊರ ಬಾಯಿಗೆ ಮುಚ್ಚಳವಿಲ್ಲ. ಸೋಮವಾರ 'ಹುಡುಗಿ ಕಡೆಯವರಿಗೆ ಜಲ್ವಾ ಬೇಡವಂತೆ' ಎಂದಿದ್ದದ್ದು, ಮಂಗಳವಾರ 'ಹುಡುಗಿಯ ಮುಖವನ್ನು ಕನ್ನಡಿಗೆ ತೋರಿಸುವ ಹಾಗಿಲ್ಲವಂತೆ' ಎಂದಾಯಿತು. ಬುಧವಾರ ಬೆಳಿಗ್ಗೆ ಕಲ್ಲಯ್ಯನ ಸ್ಟುಡಿಯೋ ಎದುರು ಹತ್ತು ಚಕ್ರದ ಲಾರಿ ಬಂದು ನಿಂತಿತು.

ಇಳಿದವನು ಜೈನಾಬ್ ಬೀ ಅವರ ಕಿರಿಮಗ, ಹುಡುಗನ ಚಿಕ್ಕಪ್ಪ ತೌಸೀಫ್. ಆರು ಅಡಿ ಎತ್ತರ, ಬಾಗಿಲಿಗೆ ಬಗ್ಗಿಯೇ ಬಂದ. ಅಷ್ಟರಲ್ಲಿ ಕಲ್ಲಯ್ಯ ಜೋಗ ಜಲಪಾತದ ಚಿತ್ರವಿದ್ದ ಪರದೆಯ ಹಿಂದೆ ಸೇರಿಯಾಗಿತ್ತು.

"ಎಲ್ಲಿ ಅಕ್ಕಾ ನಿಮ್ಮ ಯಜಮಾನ್ರು?"

"ಹೊರಗ ಹೋಗ್ಯಾರ್ರಿ. ಕುಂಡರ್ರಿ, ಚಾ ತರ್ತೇನಿ," ಎಂದಳು ಗಂಗಾಂಬಿಕಾ. ಗಂಡನ ಮೇಲೆ ಸಿಟ್ಟಿದ್ದರೂ ಸುಳ್ಳು ಹೇಳುವಾಗ ಅವಳು ಒಂದಿಷ್ಟೂ ತಡವರಿಸುವವಳಲ್ಲ.

"ಚಾ ಬೇಡಕ್ಕಾ. ಹುಡುಗಿ ಫೋಟೋ ತೆಗೆದವನೂ ಇವನೇ, ಮದುವೇಲಿ ಕನ್ನಡಿ ಬೇಡ ಅಂದವನೂ ಇವನೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಫೋಟೋದಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಅಂತ ನಮ್ಮ ಅಮ್ಮಿ ಹೇಳ್ತಾರೆ. ಶುಕ್ರವಾರದೊಳಗೆ ಯಲ್ಲಾಪುರಕ್ಕೆ ಬಂದು ಅಮ್ಮಿ ಎದುರು ನಿಂತು ಬಾಯಿ ಬಿಡ್ಬೇಕು. ಇಲ್ಲಾಂದ್ರೆ ಆದಿತ್ಯವಾರ ಮದುವೆ ಇಲ್ಲ. ಇದಿಷ್ಟು ಹೇಳಿ."

ಲಾರಿ ಹೋದ ಮೇಲೂ ಕಲ್ಲಯ್ಯ ಪರದೆಯ ಹಿಂದಿನಿಂದ ಬರಲಿಲ್ಲ. ಹೇಗೆ ಬಂದಾನು? ಫೋಟೋದಲ್ಲಿ ಮುಚ್ಚಿಟ್ಟದ್ದೊಂದು ನಿಜವಾಗಿಯೂ ಇತ್ತು! ಜೀನತ್‌ಳ ಎಡಗೆನ್ನೆಯ ಮೇಲೆ ಕಡಲೆಬೇಳೆಯಷ್ಟು ದೊಡ್ಡ ಮಚ್ಚೆ. ಯಾರು ಬಂದರೂ ಮಚ್ಚೆ, ಮೊಡವೆ, ಕಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ ಕೊಡುವುದು ಕಲ್ಲಯ್ಯನ ವಾಡಿಕೆ. ಅಂಗಳದ ಕಸ ಗುಡಿಸುವಾಗ ಯಾರನ್ನಾದರೂ ಕೇಳುತ್ತೇವೆಯೇ? ಹಾಗೆ ಕೇಳದೆ ಗುಡಿಸಿಬಿಟ್ಟಿದ್ದ.

"ಅಂಕಲ್, ಹೊರಗೆ ಬನ್ನಿ. ನಿಮ್ಮ ಕಾಲು ಜೋಗದ ನೀರಿನ ಕೆಳಗೆ ಕಾಣ್ತಾ ಇದೆ."

ಜೀನತ್‌ಳ ದನಿ. ಅವಳು ಅತ್ತು ಬಂದಿದ್ದಳು. ಕಲ್ಲಯ್ಯ ಜಲಪಾತವನ್ನು ಸರಿಸಿಕೊಂಡು ತಲೆ ಮಾತ್ರ ಹೊರಗೆ ಹಾಕಿದ.

"ನೀವು ಮಚ್ಚೆ ಅಳಿಸಿದ್ದು ನನಗೆ ಆವತ್ತೇ ಗೊತ್ತಾಯ್ತು. ನಿಮಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ. ಈಗ ಮಾರ್ಕೆಟ್ಟಿಗೆ ಹೋದ್ರೆ ಹೆಂಗಸ್ರು ನನ್ನ ಮುಖವನ್ನೇ ಬಗ್ಗಿ ಬಗ್ಗಿ ನೋಡ್ತಾರೆ, ಏನು ಕೊರತೆ ಇದೆ ಅಂತ. ನನಗೆ ಆ ಹುಡುಗ ಇಷ್ಟ ಅಂಕಲ್. ನನಗೆ ಅವನೇ ಬೇಕು. ನೀವು ಹೋಗಿ ನಿಜ ಹೇಳಿ."

"ನಿಜ ಹೇಳಿದ್ರ ಮದುವಿ ಮುರೀತೈತಲ್ಲವ್ವಾ?"

"ಹೇಳದಿದ್ರೆ ಮುರಿದೇ ಮುರೀತದೆ."

ಹುಡುಗಿಯ ಕಣ್ಣಲ್ಲಿ ಮತ್ತೆ ನೀರು ಬಂತು. ಇಷ್ಟು ವರ್ಷ ಅವಳಿಗೆ 'ಇತ್ಲಾಗ ನೋಡವ್ವಾ, ನಗು' ಎಂದು ಹೇಳುತ್ತ ಬಂದವನಿಗೆ ಅದನ್ನು ನೋಡಲಾಗಲಿಲ್ಲ. ಹೆದರಿಕೆಗಿಂತ ನಾಚಿಕೆ ದೊಡ್ಡದಾಯಿತು. ಆದರೆ ಬಹಳ ಹೊತ್ತು ಹಾಗಿರಲಿಲ್ಲ. ಅವಳು ಹೋದ ಕೂಡಲೇ ಹೆದರಿಕೆ ಮತ್ತೆ ಮೊದಲಿನ ಜಾಗಕ್ಕೆ ಬಂದು ಕೂತಿತು.

ಕ್ಯಾಮೆರಾದೊಳಗೆ ಕನ್ನಡಿ ಇರುತ್ತದೆಂದು ನಂಬಿಸಲು ಕನ್ನಡಿ ಇದ್ದ ಕ್ಯಾಮೆರಾ ಬೇಕಲ್ಲ? ಗುರುವಾರ ಕಲ್ಲಯ್ಯ ಹೊಸದನ್ನೂ ಕೊರಳಿಗೆ ಹಾಕಿಕೊಂಡು ಸಿದ್ದಾಪುರಕ್ಕೆ ಓಡಿದ. ಮನೋಹರ ಕಥೆಯನ್ನೆಲ್ಲ ಕೇಳಿ, ನಕ್ಕು ನಕ್ಕು, ಕೊನೆಗೆ ಸ್ಟುಡಿಯೋದ ಸ್ಟೂಲಿನಿಂದ ಕೆಳಗೆ ಬಿದ್ದ. ಎದ್ದು, ಕಣ್ಣೊರೆಸಿಕೊಂಡು ಹಳೆಯ ಕ್ಯಾಮೆರಾ ತಂದುಕೊಟ್ಟ.

"ಗುರುಗಳೇ, ಹೊಸದರ ಮೆನು ಒಂದು ಸಲ ಕೊಡಿ. ಸದ್ದು, ಭಾಷೆ ಎರಡನ್ನೂ ಅರೆನಿಮಿಷದಲ್ಲಿ ಸರಿ ಮಾಡ್ತೆ."

"ಮುಟ್ಟಬ್ಯಾಡ!" ಎಂದು ಕಲ್ಲಯ್ಯ ಹೊಸ ಕ್ಯಾಮೆರಾವನ್ನು ಎದೆಗೆ ಅವಚಿಕೊಂಡ. "ಇದ್ದದ್ದರ ಇರ್ಲಿ!"

ಶುಕ್ರವಾರ ಎರಡು ಕ್ಯಾಮೆರಾ ಎರಡು ಹೆಗಲಿಗೆ ಹಾಕಿಕೊಂಡು ಯಲ್ಲಾಪುರದ ಬಸ್ಸು ಹತ್ತಿದ. ಪಕ್ಕದಲ್ಲಿ ಕೂತ ಮುದುಕ ಸುಮ್ಮನಿರುವ ಪೈಕಿ ಅಲ್ಲ.

"ಯಲ್ಲಾಪುರದ ಸುದ್ದಿ ಕೇಳಿದ್ರ್ಯಾ? ಶಿರಸಿಯ ಫೋಟೋಗ್ರಾಫರ್ ಒಬ್ಬ ಬೀಗರ ಮನೆಗೆ ನುಗ್ಗಿ ನೂರು ವರ್ಷದ ಕನ್ನಡಿ ಒಡೆದು ಪುಡಿ ಮಾಡಿದ್ನಂತೆ. ಏಳಡಿ ಇದಾನಂತೆ ಆಸಾಮಿ. ಗಡ್ಡ ಬಿಟ್ಟು, ಕಣ್ಣು ಕೆಂಡದ ಹಾಗೆ."

"ಪೊಲೀಸರು ಹಿಡದಾರಾ?" ಎಂದು ಕಲ್ಲಯ್ಯ ಕೇಳಿದ. ಆ ಆಸಾಮಿಯ ಬಗ್ಗೆ ಅವನಿಗೂ ಭಯವಾಗತೊಡಗಿತ್ತು.

"ಹಿಡಿಲಿಕ್ಕೆ ಸಿಕ್ಬೇಕಲ್ಲ. ನೀವು ಎಂತ ಕೆಲಸ ಮಾಡೋದು?"

ಕಲ್ಲಯ್ಯ ಎರಡು ಕ್ಯಾಮೆರಾಗಳನ್ನೂ ಅಂಗಿಯೊಳಗೆ ತುರುಕಿಕೊಂಡು, ತನಗೆ ಹೊಟ್ಟೆಯುಬ್ಬರವೆಂದೂ ಔಷಧಿಗೆ ಹೋಗುತ್ತಿರುವೆನೆಂದೂ ಹೇಳಿದ. ಮುದುಕ ಆ ಹೊಟ್ಟೆಯ ಆಕಾರ ನೋಡಿ, ಬೇರೆ ಸೀಟಿಗೆ ಹೋದ.

ಜೈನಾಬ್ ಬೀ ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದರು. ಬೆನ್ನ ಹಿಂದಿನ ಗೋಡೆಯಲ್ಲಿ ಆ ಹಿತ್ತಾಳೆ ಚೌಕಟ್ಟಿನ ಕನ್ನಡಿ. ಎದುರಿಗೆ ತೌಸೀಫ್, ಅಕ್ಕಪಕ್ಕ ಹತ್ತು ಹನ್ನೆರಡು ಮಂದಿ ನೆಂಟರು. ಕಲ್ಲಯ್ಯ ಹೊಸ್ತಿಲಲ್ಲೇ ಚಪ್ಪಲಿಯ ಜೊತೆ ಅರ್ಧ ಪ್ರಾಣವನ್ನೂ ಬಿಟ್ಟು ಒಳಗೆ ಹೋದ.

"ಇವನಾ?" ಎಂದರು ಅಜ್ಜಿ ನಿರಾಸೆಯಿಂದ. ಅವರೂ ಏಳಡಿಯವನನ್ನೇ ಕಾದಿದ್ದರು.

ಕಲ್ಲಯ್ಯ ಹಳೆಯ ಕ್ಯಾಮೆರಾದ ಲೆನ್ಸ್ ತಿರುಗಿಸಿ ಕಳಚಿ, ಬಾಯಿ ತೆರೆದ ಪೆಟ್ಟಿಗೆಯನ್ನು ಅಜ್ಜಿಯ ಮುಂದೆ ಹಿಡಿದ. ಒಳಗೆ ಅಂಚೆಚೀಟಿಯಷ್ಟು ಕನ್ನಡಿ ಮಿಣಕ್ಕೆಂದಿತು. ಜೈನಾಬ್ ಬೀ ಬಗ್ಗಿದರು. ತೌಸೀಫ್ ಬಗ್ಗಿದ. ಹನ್ನೆರಡು ಮಂದಿ ನೆಂಟರೂ ಒಬ್ಬರ ತಲೆಗೊಬ್ಬರು ತಲೆ ಢಿಕ್ಕಿ ಹೊಡೆದು ಬಗ್ಗಿದರು.

"ಯಾ ಅಲ್ಲಾ, ಇದೆ!" ಎಂದರು ಅಜ್ಜಿ. ಅದರಲ್ಲೇ ನೋಡಿಕೊಂಡು ಮುಂದಲೆಯ ಕೂದಲೊಂದನ್ನು ಸೆರಗಿನೊಳಗೆ ಸೇರಿಸಿದರು. "ಇಷ್ಟೇ ಇಷ್ಟು! ಪಾಪ. ಇದನ್ನಾ ನೀನು ಹಳೇದು, ಭಾರ ಅಂದದ್ದು?"

"ಹೌದ್ರೀ ಅವ್ವಾರ. ಇದನ್ನಽ. ಹೊಸದ್ರಾಗ ಇದು ಇಲ್ರಿ. ಅದಕ್ಕಽ ಮಿರರ್‌ಲೆಸ್. ನಿಮ್ಮ ಕನ್ನಡಿ ಸುದ್ದಿಗೆ ನಾ ಬಂದಿಲ್ರೀ, ನಮ್ಮಪ್ಪನಾಣಿ."

ಪಡಸಾಲೆಯಲ್ಲಿ ಗುಸುಗುಸು ಎದ್ದಿತು, ಒಬ್ಬರು ನಕ್ಕರು. ಕಲ್ಲಯ್ಯ ಬದುಕಿದೆಯಾ ಬಡಜೀವವೇ ಎಂದು ಲೆನ್ಸ್ ಹಾಕಲು ಹೊರಟ. ಆಗ ಅಜ್ಜಿ ದನಿ ಇಳಿಸಿ ಕೇಳಿದರು.

"ಹುಡುಗಿ ಫೋಟೋ ನೀನೇ ತೆಗೆದದ್ದಲ್ವಾ? ಅದರಲ್ಲಿ ಏನಾದ್ರೂ ಮುಚ್ಚಿಟ್ಟಿದ್ದೀಯಾ? ನನ್ನ ಮುಖ ನೋಡಿ ಹೇಳು."

ಕಲ್ಲಯ್ಯ ಇಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅಡಿಗೆಮನೆಯ ಗೋಡೆಯ ಮೇಲೆ ಹಲ್ಲಿಯೊಂದು ಲೊಚಗುಟ್ಟಿತು.

"ಒಂದು ಮಚ್ಚಿ ಅಳಿಸೇನ್ರೀ ಅವ್ವಾರ!" ಎಂದು ಅಳುಮುಖ ಮಾಡಿ ಒದರಿಬಿಟ್ಟ. "ಎಡಗಲ್ಲದ ಮ್ಯಾಲ. ಕಡ್ಲಿಬ್ಯಾಳಿಯಷ್ಟು. ಹುಡುಗಿ ಹೇಳಿದ್ದಲ್ರಿ, ಅವರಪ್ಪಗೂ ಗೊತ್ತಿದ್ದಿಲ್ಲ. ತಪ್ಪು ನಂದು. ಬೇಕಾದ್ರ ನನ್ನ ಹೊಡೀರಿ, ಮದುವಿ ಮುರೀಬ್ಯಾಡ್ರಿ. ಬಂಗಾರದಂಥಾ ಹುಡುಗಿ ಅದು!"

ತೌಸೀಫ್ ಒಂದು ಹೆಜ್ಜೆ ಮುಂದೆ ಬಂದ. ಕಲ್ಲಯ್ಯ ಕಣ್ಣು ಮುಚ್ಚಿಕೊಂಡ. ಆಗ ಒಳಬಾಗಿಲಲ್ಲಿ ನಿಂತಿದ್ದ ಮದುಮಗ ಫೈಜಲ್ ಅಜ್ಜಿಯ ಕಡೆ ತಿರುಗಿ ಬಾಯಿಬಿಟ್ಟ.

"ದಾದಿ, ಆ ಮಚ್ಚೆ ನನಗೆ ಗೊತ್ತು. ಫೋಟೋ ಬಂದಾಗ ಅದೇ ಇರಲಿಲ್ಲ. ಬೇರೆ ಯಾರದ್ದೋ ಫೋಟೋ ಕಳಿಸಿದ್ದಾರೆ ಅಂತ ನಾನೇ ಎರಡು ದಿನ ಊಟ ಬಿಟ್ಟಿದ್ದೆ."

"ನಿನಗೆ ಹೇಗೆ ಗೊತ್ತು?"

"ಶಿರಸಿ ಕಾಲೇಜಿಗೆ ಹೋಗ್ತಿದ್ನಲ್ಲ. ಮೂರು ವರ್ಷ ಬಸ್‌ಸ್ಟ್ಯಾಂಡಲ್ಲಿ ನೋಡಿದೀನಿ."

"ಮೂರು ವರ್ಷ!" ಎಂದರು ಜೈನಾಬ್ ಬೀ. "ಲೈಬ್ರರಿಲಿ ಓದ್ತಾ ಇದ್ದೆ, ಅದಕ್ಕೇ ಬಸ್ ತಪ್ತು ಅಂತಿದ್ಯಲ್ಲೋ ಬದ್ಮಾಶ್!"

ಪಡಸಾಲೆಯೆಲ್ಲ ಗೊಳ್ಳೆಂದಿತು. ಅಜ್ಜಿ ಮಾತ್ರ ನಗಲಿಲ್ಲ. ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಕಲ್ಲಯ್ಯನ ಕಡೆ ತಿರುಗಿದರು.

"ಕೇಳು. ನಮಗ್ಯಾರಿಗೂ ಮಚ್ಚೆ ಅಡ್ಡಿಯಿಲ್ಲ. ಆದ್ರೆ ಊರು ಏನಂತಿದೆ? ಆ ಹುಡುಗಿ ಮುಖ ಕನ್ನಡಿಗೆ ತೋರಿಸೋ ಹಾಗಿಲ್ಲ ಅಂತಿದೆ. ಆ ಮಾತು ಹುಟ್ಟಿಸಿದವ ನೀನು. ಅವಳು ಸಾಯೋವರೆಗೂ ಅದನ್ನು ಹೊತ್ಕೊಂಡು ತಿರುಗಬಾರದು. ಆದಿತ್ಯವಾರ ಜಲ್ವಾದಲ್ಲಿ ಈ ಕನ್ನಡಿ ಒಳಗೆ ಅವಳ ಮುಖ ಬರೋ ಹಾಗೆ ಫೋಟೋ ತೆಗಿ. ಮಚ್ಚೆ ಸಮೇತ. ಅದನ್ನು ಈ ಗೋಡೆಗೆ ಹಾಕ್ತೀನಿ, ಬಂದೋರೆಲ್ಲ ನೋಡ್ಲಿ. ನಮ್ಮ ಮನೇಲಿ ಇದುವರೆಗೆ ಒಂದೇ ಒಂದು ಜಲ್ವಾ ಫೋಟೋನೂ ಸರಿ ಬಂದಿಲ್ಲ, ತಿಳ್ಕೋ. ಫ್ಲಾಶ್ ಹೊಡೀತಾರೆ, ಕನ್ನಡಿಯೆಲ್ಲ ಬಿಳಿ ಬೆಂಕಿ. ನಿನ್ನದೂ ಹಾಗಾಯ್ತೋ, ಆ ಹುಡುಗಿಗೆ ನೀನೇ ಉತ್ತರ ಹೇಳು."

ಶನಿವಾರವಿಡೀ ಕಲ್ಲಯ್ಯ ಮನೆಯಲ್ಲಿ ಹೆಂಡತಿಯನ್ನು ಕನ್ನಡಿಯ ಮುಂದೆ ಕೂರಿಸಿ, ತಲೆಯ ಮೇಲೆ ಕೆಂಪು ಸೀರೆ ಹೊದಿಸಿ, ಫ್ಲಾಶಿಲ್ಲದೆ ಫೋಟೋ ತೆಗೆದು ನೋಡಿದ. ಹೊಸ ಕ್ಯಾಮೆರಾ ಕತ್ತಲಲ್ಲೂ ಚೆನ್ನಾಗಿ ಹಿಡಿಯುತ್ತಿತ್ತು. ಅದೊಂದು ಸಮಾಧಾನ. ಆದರೆ ಅವನ ಕೈ ಮಾತ್ರ ನಿಲ್ಲುತ್ತಿರಲಿಲ್ಲ, ಎಲ್ಲ ಫೋಟೋದಲ್ಲೂ ಗಂಗಾಂಬಿಕಾಗೆ ಮೂರು ಮೂಗು.

"ದೇವ್ರೇ, ಇದೊಂದು ಬಂದ್ರ ಸಾಕಪ್ಪಾ," ಎಂದ.

"ಮೊದಲ ಕೈ ನಡುಗೂದು ನಿಲ್ಲಿಸ್ರಿ, ಆಮ್ಯಾಲ ದೇವ್ರಿಗೆ ಹೇಳ್ರಿ," ಎಂದಳು ಅವಳು.

ಆದಿತ್ಯವಾರ ಯಲ್ಲಾಪುರದ ಹಾಲ್ ತುಂಬಿ ತುಳುಕುತ್ತಿತ್ತು. ಮದುವೆ ನೋಡಲು ಬಂದವರಿಗಿಂತ ಮುಖ ನೋಡಲು ಬಂದವರೇ ಹೆಚ್ಚು. ಜಲ್ವಾದ ಹೊತ್ತಾಯಿತು. ಜೀನತ್ ಮತ್ತು ಫೈಜಲ್ ಪಕ್ಕಪಕ್ಕ ಕೂತರು. ತಲೆಯ ಮೇಲೆ ಕೆಂಪು ದುಪಟ್ಟಾ ಇಳಿಯಿತು. ಜೈನಾಬ್ ಬೀ ತಾವೇ ಕನ್ನಡಿಯನ್ನು ಎದೆಗವಚಿಕೊಂಡು ತಂದು ದಿಂಬಿನ ಮೇಲೆ ಒರಗಿಸಿದರು. ಕಲ್ಲಯ್ಯ ಜೋಡಿಯ ಬೆನ್ನ ಹಿಂದೆ ಒಂದು ಮೋಟು ಸ್ಟೂಲಿನ ಮೇಲೆ ಮಂಡಿಯೂರಿ, ದುಪಟ್ಟಾದೊಳಗೆ ತಲೆ ತೂರಿಸಿ, ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಹಿಡಿದು, ಅದರ ಪರದೆಯನ್ನೇ ನೋಡತೊಡಗಿದ. ಸ್ಟೂಲು ನಡುಗುತ್ತಿತ್ತು, ಅವನು ನಡುಗುತ್ತಿದ್ದ, ಇಬ್ಬರಲ್ಲಿ ಮೊದಲು ಶುರು ಮಾಡಿದವರು ಯಾರೆಂದು ಹೇಳುವುದು ಕಷ್ಟ.

"ನೋಡು ಬೇಟಿ, ಕಣ್ಣು ತೆಗಿ," ಎಂದರು ಅಜ್ಜಿ.

ಜೀನತ್ ಕಣ್ಣು ತೆರೆಯಲಿಲ್ಲ. ಹೊರಗೆ ಯಾರೋ, "ಕನ್ನಡಿ ನೋಡೋದಿಲ್ವಂತೆ, ಹೇಳಲಿಲ್ವಾ ನಾನು?" ಎಂದದ್ದು ಒಳಗೂ ಕೇಳಿತು. ಅವಳು ತಲೆ ಇನ್ನೂ ತಗ್ಗಿಸಿ, ಗದ್ದವನ್ನು ಎದೆಗೆ ಒತ್ತಿಕೊಂಡಳು. ಪರದೆಯಲ್ಲಿ ಅವಳ ಮುಖವಿಲ್ಲ, ಬರೀ ಮಲ್ಲಿಗೆ. ಫೈಜಲ್ ಮೆಲ್ಲಗೆ ಹೆಸರು ಹಿಡಿದು ಕರೆದ. ಇಲ್ಲ. ಒಂದು ನಿಮಿಷವಾಯಿತು. ಹೊರಗಿನ ಗುಸುಗುಸು ಗದ್ದಲವಾಗತೊಡಗಿತು. ಕಲ್ಲಯ್ಯನಿಗೆ ಅಳು ಬಂತು. ಈ ಮಗುವಿನ ತಲೆ ತಗ್ಗಿಸಿದವನು ನಾನೇ, ನಾನೇ ಎಂದು ಒಳಗೆ ಯಾರೋ ಬಡಿಯುತ್ತಿದ್ದರು. ಬೆರಳು ತಾನಾಗಿ ಒತ್ತಿತು, ಒತ್ತಿದ್ದು ಬಿಡಲಿಲ್ಲ. ಕ್ಯಾಮೆರಾ ಸದ್ದಿಲ್ಲದೆ ಒಂದರ ಮೇಲೊಂದು ಫೋಟೋ ನುಂಗತೊಡಗಿತು. ಒತ್ತಿದ ಮೇಲೆ ಆ ಬಾಯಿಗೆ ಗೊತ್ತಿದ್ದದ್ದು ಒಂದೇ ಕೆಲಸ.

"ಟಕ್!"

ಬೆಚ್ಚಿ ಬಿದ್ದ ಜೀನತ್ ತಲೆಯೆತ್ತಿ ಕಣ್ಣು ಬಿಟ್ಟಳು. ಎದುರಿನ ಕನ್ನಡಿಯಲ್ಲಿ, ತನ್ನ ಮತ್ತು ಗಂಡನ ತಲೆಗಳ ನಡುವೆ, ಒಂದು ಕಣ್ಣು ಮುಚ್ಚಿ, ಬಾಯಿ ಅಗಲಿಸಿ, ಕೂದಲು ನಿಗುರಿಸಿಕೊಂಡು ದೆವ್ವ ಕಂಡವನಂತಿದ್ದ ಕಲ್ಲಯ್ಯ ಅಂಕಲ್! ಅವಳಿಗೆ ನಗು ತಡೆಯಲಾಗಲಿಲ್ಲ. ಫೈಜಲ್ಲನೂ ನೋಡಿದ, ಅವನೂ ನಕ್ಕ. ನಗುತ್ತ ನಗುತ್ತ ಇಬ್ಬರ ಕಣ್ಣೂ ಕನ್ನಡಿಯಲ್ಲಿ ಕೂಡಿದವು. ನಗುವಿನ ಸದ್ದು ಕೇಳಿ ಹಾಲ್ ಸುಮ್ಮನಾಯಿತು, ಆಮೇಲೆ ಕಾರಣ ತಿಳಿಯದೆಯೇ ತಾನೂ ನಕ್ಕಿತು. ಅಷ್ಟರಲ್ಲಿ ಸ್ಟೂಲು ಕಾಲು ಮುರಿದು ಕಲ್ಲಯ್ಯ ದುಪಟ್ಟಾ ಸಮೇತ ಹಿಂದಕ್ಕೆ ಬಿದ್ದ. ಕ್ಯಾಮೆರಾ ಮಾತ್ರ ಎದೆಯ ಮೇಲೆ ಭದ್ರವಾಗಿತ್ತು.

ಒಟ್ಟು ನಲವತ್ಮೂರು ಫೋಟೋ. ನಲವತ್ತರಲ್ಲಿ ಮಲ್ಲಿಗೆ, ಒಂದರಲ್ಲಿ ಫೈಜಲ್ಲನ ಕಿವಿ, ಕೊನೆಯದರಲ್ಲಿ ಮದುವೆ ಹಾಲ್‌ನ ಚಾವಣಿ. ಒಂದು ಮಾತ್ರ ನೆಟ್ಟಗೆ ಬಂದಿತ್ತು. ಹಿತ್ತಾಳೆಯ ಚೌಕಟ್ಟಿನೊಳಗೆ ಬಾಯ್ತುಂಬ ನಗುತ್ತಿರುವ ಜೋಡಿ, ಹುಡುಗಿಯ ಎಡಗೆನ್ನೆಯಲ್ಲಿ ಕಡಲೆಬೇಳೆಯಷ್ಟು ಮಚ್ಚೆ. ಅದರ ಮೇಲೆ, ನಟ್ಟನಡುವೆ, ಟಕ್ ಎನ್ನುತ್ತಿರುವ ಕಲ್ಲಯ್ಯ.

ವಾರದ ಮೇಲೆ ಆ ಫೋಟೋ ಹಿಡಿದು ಜೈನಾಬ್ ಬೀ ಅವರ ಮನೆಗೆ ಹೋದಾಗ ಅವನು ಹೊಸ್ತಿಲಲ್ಲೇ ನಿಂತ.

"ನಡುವ ನನ್ನ ಮಾರಿ ಬಂದೈತ್ರಿ ಅವ್ವಾರ. ತಪ್ಪು ತಿಳೀಬ್ಯಾಡ್ರಿ. ಅರ್ಧಾ ತಾಸು ಕೊಡ್ರಿ, ಕಂಪ್ಯೂಟರ್‌ನ್ಯಾಗ ಹಾಕಿ ಅಳಿಸಿಬಿಡ್ತೇನಿ."

"ಅಂಕಲ್!" ಎಂದು ಅಡಿಗೆಮನೆಯಿಂದ ಜೀನತ್ ಕೂಗಿದಳು. "ಮತ್ತೆ ಅಳಿಸ್ಲಿಕ್ಕೆ ಶುರು ಮಾಡ್ಬೇಡಿ!"

ಜೈನಾಬ್ ಬೀ ಕನ್ನಡಕ ಏರಿಸಿ ಫೋಟೋವನ್ನು ಬಹಳ ಹೊತ್ತು ನೋಡಿದರು. ಮೊದಲು ಜೋಡಿಯನ್ನು, ಆಮೇಲೆ ಮಚ್ಚೆಯನ್ನು, ಕೊನೆಗೆ ನಡುವಿನ ಆ ಮುಖವನ್ನು. ತೌಸೀಫ್‌ನಿಗೆ ಮೊಳೆ ಹೊಡೆಯಲು ಹೇಳಿದರು.

"ಇರ್ಲಿ ಬಿಡು," ಎಂದರು. "ಇಷ್ಟು ಚೆಂದದ ಜೋಡಿಗೆ ಒಂದು ದೃಷ್ಟಿಬೊಟ್ಟು ಬೇಡವಾ?"

ಕಲ್ಲಯ್ಯ ಹೆದರಿಕೊಂಡೇ ನಕ್ಕ.